ಪಾಲಪಿಟ್ಟದ ದರ್ಶನ

ದಸರೆಯ ದಿನ ಹೈದರಾಬಾದಿನವರು ಜಮ್ಮಿ, ಅಂದರೆ ಬನ್ನಿಮರದ ಪೂಜೆ ಮಾಡಿ, ಅದರ ಎಲೆಯನ್ನೇ ಬಂಗಾರವೆಂದು ಹಂಚಿಕೊಳ್ಳುತ್ತಾರೆ. ಬೀದರ, ಕಲಬುರಗಿಯಿಂದ ಬಂದು ಇಲ್ಲಿ ನೆಲೆಸಿದವರಿಗೆ ಇದು ಹೊಸತಲ್ಲ. ಬನ್ನಿ ಕೊಟ್ಟು 'ಬಂಗಾರದಂಗ ಇರೋಣ' ಅನ್ನುವವರೇ ನಾವೂ. ಇಲ್ಲಿಯವರಿಗೆ ಇನ್ನೊಂದು ನಂಬಿಕೆಯಿದೆ. ಅವತ್ತು ಪಾಲಪಿಟ್ಟ ಕಣ್ಣಿಗೆ ಬಿದ್ದರೆ ವರ್ಷವೆಲ್ಲ ಶುಭ. ಅಜ್ಞಾತವಾಸ ಮುಗಿಸಿ ಮರಳುವಾಗ ಪಾಂಡವರಿಗೆ ಅದು ಕಂಡಿತ್ತಂತೆ. ಪಾಲಪಿಟ್ಟ ಎಂದರೆ ನಮ್ಮ ನೀಲಕಂಠ. ಕರ್ನಾಟಕಕ್ಕೂ ತೆಲಂಗಾಣಕ್ಕೂ ಅದೇ ರಾಜ್ಯಪಕ್ಷಿ.

ಕರೆಂಟು ತಂತಿಯ ಮೇಲೆ ಸುಮ್ಮನೆ ಕೂತಾಗ ಅದನ್ನು ಯಾರೂ ಗಮನಿಸುವುದಿಲ್ಲ. ಎದೆಯೆಲ್ಲ ಮಾಸಲು ಕಂದು, ತಲೆ ದಪ್ಪ, ಆಗಾಗ ಬಾಲ ಮೆಲ್ಲಗೆ ಅಲ್ಲಾಡುತ್ತದೆ ಅಷ್ಟೆ. ಹುಲ್ಲಿನಲ್ಲಿ ಮಿಡತೆ ಮಿಸುಕಿದ್ದೇ ತಡ, ಕೆಳಗೆ ಧುಮುಕುತ್ತದೆ. ಆಗ ಬಿಚ್ಚುವ ರೆಕ್ಕೆಯಲ್ಲಿ ಕಡುನೀಲಿ, ತಿಳಿನೀಲಿ ಪಟ್ಟೆಗಳು ಒಂದರ ಪಕ್ಕ ಒಂದು ಹೊಳೆಯುತ್ತವೆ. ಮತ್ತೆ ತಂತಿಗೆ ಬಂದು, ಹಿಡಿದದ್ದನ್ನು ಬಡಿದು ಬಡಿದು ನುಂಗುತ್ತದೆ. ಜೀರುಂಡೆ, ಚೇಳು, ಸಣ್ಣ ಹಲ್ಲಿ, ಕಪ್ಪೆಮರಿ ಯಾವುದನ್ನೂ ಬಿಡುವುದಿಲ್ಲ. ಬೆಳೆಗೆ ಇಂಥ ಕಾವಲುಗಾರ ಇನ್ನೆಲ್ಲಿ ಸಿಕ್ಕಾನು?

ಇಂಥ ಹಕ್ಕಿಯನ್ನು ದಸರೆ ಬಂತೆಂದರೆ ಬಲೆ ಹಾಕಿ ಹಿಡಿಯುತ್ತಾರೆ. ಹಾರದಂತೆ ರೆಕ್ಕೆ ಕಟ್ಟಿ ಪಂಜರದಲ್ಲಿಟ್ಟು, ಗುಡಿಯ ಮುಂದೆ ದುಡ್ಡಿಗೆ ದರ್ಶನ ಮಾಡಿಸುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದು ಅಪರಾಧ. ಅರಣ್ಯ ಇಲಾಖೆಯವರು ಬಿಡಿಸಿ ತಂದ ಹಕ್ಕಿಗಳಲ್ಲಿ ಎಷ್ಟೋ ಹಾರುವ ಸ್ಥಿತಿಯಲ್ಲೇ ಇರುವುದಿಲ್ಲ. ಹಿಡಿಯುವವನದಷ್ಟೇ ತಪ್ಪು ದುಡ್ಡು ಕೊಟ್ಟು ನೋಡುವ ನಮ್ಮದೂ ಇದೆ.

ಇತ್ತ ನಗರ ಬೆಳೆದ ಹಾಗೆಲ್ಲ ಬಯಲು ಲೇಔಟಾಗುತ್ತಿದೆ. ಒಣಗಿ ನಿಂತ ತಾಳೆಮರದ ಪೊಟರೆಯಲ್ಲಿ ಮೊಟ್ಟೆಯಿಡುವ ಹಕ್ಕಿ ಇದು. ಸತ್ತ ಮರ ತಾನೆ ಎಂದು ಅದನ್ನೇ ಮೊದಲು ಕಡಿಯುತ್ತಾರೆ. ದೇಶದಲ್ಲಿ ನೀಲಕಂಠದ ಸಂಖ್ಯೆ ಇಳಿಯುತ್ತಿದೆಯೆಂದು 2023ರ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ ಎಚ್ಚರಿಸಿದೆ.

ನೋಡುವ ಆಸೆಯಿದ್ದವರು ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಚೇವೆಳ್ಳ ಕಡೆ ಹೋಗಬಹುದು, ನಮ್ಮ ವಿಜಯಪುರಕ್ಕೆ ಹೋಗುವ, ದೊಡ್ಡ ಆಲದ ಮರಗಳಿರುವ ಆ ರಸ್ತೆಯಲ್ಲಿ. ಹಿಂಗಾರು ಬಿತ್ತನೆಗೆ ಟ್ರ್ಯಾಕ್ಟರ್ ಓಡುವ ಹೊಲ ಸಿಕ್ಕರೆ ಪಕ್ಕದ ತಂತಿಗಳನ್ನು ನೋಡುತ್ತ ನಿಲ್ಲಿ. ಮಣ್ಣು ಮಗುಚಿದಾಗ ಏಳುವ ಹುಳುಗಳಿಗೆ ಅದು ಬಂದೇ ಬರುತ್ತದೆ.