ಹೆಸರಿಲ್ಲದೆ ಅಳಿದರೆ

ಮಾಲ್ಡೀವ್ಸ್‌ನ ಹವಳದ ದಿಬ್ಬಗಳಲ್ಲಿ, 40ರಿಂದ 70 ಮೀಟರ್ ಆಳದಲ್ಲಿ, ಗುಲಾಬಿ ಮೈಯ ಒಂದು ಪುಟ್ಟ ಮೀನು ಬದುಕುತ್ತದೆ. 1990ರ ದಶಕದಲ್ಲೇ ಅದು ಸಂಶೋಧಕರ ಕೈಗೆ ಸಿಕ್ಕಿತ್ತು. ಆದರೆ ಚಾಗೋಸ್ ದ್ವೀಪಗಳಲ್ಲಿ ದೊರೆತ ಒಂದೇ ಒಂದು ಮರಿಯನ್ನು ನೋಡಿ ಹೆಸರಿಸಿದ್ದ ಬೇರೊಂದು ಜಾತಿಯ ಬೆಳೆದ ರೂಪ ಇದೇ ಇರಬೇಕೆಂದು ಬಲ್ಲವರು ನಂಬಿದರು. 2022ರಲ್ಲಿ ಆ ನಂಬಿಕೆ ಕಳಚಿತು. ಸಿರಿಲಾಬ್ರಸ್ ಫಿನಿಫೆನ್ಮಾ ಎಂಬ ಹೆಸರು ಬಂತು. ದಿವೇಹಿ ಭಾಷೆಯಲ್ಲಿ ಗುಲಾಬಿ ಹೂವಿನ ಹೆಸರದು. ಹೆಸರಿಟ್ಟವರಲ್ಲಿ ಆ ನಾಡಿನವರೇ ಆದ ಅಹ್ಮದ್ ನಜೀಬ್ ಒಬ್ಬರು. ಅಷ್ಟರೊಳಗೆ ಅಲಂಕಾರ ಮೀನಿನ ವ್ಯಾಪಾರಿಗಳು ಅದನ್ನು ಹಿಡಿದು ಮಾರತೊಡಗಿದ್ದರು. ಬೆಲೆ ಮೊದಲು ಬಂತು, ಹೆಸರು ಆಮೇಲೆ.

ನನ್ನನ್ನು ಕಾಡುವುದು ನಡುವಿನ ಆ ಸುಮಾರು ಮೂವತ್ತು ವರ್ಷ. ಆಗಲೇ ಈ ಮೀನು ಅಳಿದಿದ್ದರೆ? ಪುಸ್ತಕದಲ್ಲಿ ಚಾಗೋಸಿನ ಮೀನಿನ ಹೆಸರು ಹಾಗೇ ಇರುತ್ತಿತ್ತು, ಯಾವ ಪಟ್ಟಿಯೂ ಕುಗ್ಗುತ್ತಿರಲಿಲ್ಲ. ಒಂದು ಜಾತಿಯೇ ಮುಗಿದಿರುತ್ತಿತ್ತು, ಕಳೆದುಕೊಂಡೆವೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಇದ್ದದ್ದು ಇಲ್ಲವಾಗುವುದು ಒಂದು ಬಗೆಯ ಸಾವು. ಇತ್ತೆಂದೇ ತಿಳಿಯದೆ ಇಲ್ಲವಾಗುವುದು ಇನ್ನೊಂದು. ಎರಡನೆಯದಕ್ಕೆ ಅಳುವವರು ಯಾರು?

ದಾಖಲಾದದ್ದೆಲ್ಲ ಉಳಿಯಿತೆಂದೂ ಹೇಳುವಂತಿಲ್ಲ. ಮದ್ಯಸಾರದ ಜಾಡಿಗೆ ಇಳಿದ ಮೀನು ಮೊದಲು ಕಳೆದುಕೊಳ್ಳುವುದು ಬಣ್ಣವನ್ನು. ರೆಕ್ಕೆಯ ಮುಳ್ಳುಗಳನ್ನು, ಮೈಯ ಹುರುಪೆಗಳನ್ನು ನೂರು ವರ್ಷದ ಮೇಲೂ ಎಣಿಸಬಹುದು; ಯಾವ ಗುಲಾಬಿಗೆ ಮನಸೋತು ಹೆಸರಿಟ್ಟರೋ ಅದು ಮಾತ್ರ ಅಲ್ಲಿರದು.

ಹವಳಕ್ಕೆ ಕೂಡಿಡುವ ಚಿಂತೆಯಿಲ್ಲ. ಗಿಳಿಮೀನು ದಿಬ್ಬವನ್ನು ಕೆರೆದು ತಿನ್ನುತ್ತದೆ, ಮರಳಾಗಿಸಿ ಹೊರಹಾಕುತ್ತದೆ. ಮಾಲ್ಡೀವ್ಸ್‌ನ ದ್ವೀಪಗಳೆಂದರೆ ಹೀಗೆ ಹವಳ ಪುಡಿಯಾಗಿ ಕೂಡಿದ ಮರಳು. ಅಳಿದದ್ದರ ಮೇಲೆಯೇ ಜನ ಮನೆ ಕಟ್ಟಿದ್ದಾರೆ, ತೆಂಗು ನೆಟ್ಟಿದ್ದಾರೆ, ತಮ್ಮ ಹಿರಿಯರನ್ನು ಮಣ್ಣು ಮಾಡಿದ್ದಾರೆ. ಇದನ್ನು ನೆನೆದಾಗ ಅನಿತ್ಯವೇ ಕಾಲಡಿಯ ನೆಲವೆನ್ನಿಸಿ ಮನಸ್ಸು ಹಗುರಾಗುತ್ತದೆ.

ಆದರೆ ಆ ಸಮಾಧಾನ ಬಹಳ ಹೊತ್ತು ನಿಲ್ಲದು. 1998ರಲ್ಲಿ ಕಡಲು ಕಾದು, ಆಳವಿಲ್ಲದ ನೀರಿನ ಹವಳ ಬಹುಪಾಲು ಬಿಳಿಚಿ ಸತ್ತಿತು. ಚೇತರಿಸಿಕೊಳ್ಳಲು ಸುಮಾರು 15 ವರ್ಷ ಹಿಡಿಯಿತು; 2016ರಲ್ಲಿ ಕಡಲು ಮತ್ತೆ ಕಾದಿತು. ಮೀನು ಸವೆಸಿದಷ್ಟನ್ನು ಹವಳ ತಾನೇ ಬೆಳೆದು ತುಂಬಿಕೊಳ್ಳುತ್ತಿದ್ದ ಲೆಕ್ಕ ಬೇರೆ, ಬೆಳೆಯುವ ಮೊದಲೇ ಬೆಂದುಹೋಗುವ ಈ ಲೆಕ್ಕ ಬೇರೆ. ಮೊದಲನೆಯದು ಕಾಲದ ಕೆಲಸ, ಎರಡನೆಯದರಲ್ಲಿ ನಮ್ಮ ಹೊಗೆಯ ಪಾಲಿದೆ. ಎರಡನ್ನೂ ಅನಿತ್ಯವೆಂದು ಒಂದೇ ಹೆಸರಿನಿಂದ ಕರೆಯಲು ನನ್ನ ಮನಸ್ಸು ಒಪ್ಪುತ್ತಿಲ್ಲ.