ನಾಲ್ಕೂವರೆ ಗಂಟೆಯ ದೂರ

ಮಗಳು ಸಿಂಗಪುರಕ್ಕೆ ಹೊರಟ ದಿನ ನಾನು ಅತ್ತದ್ದನ್ನು ಕಂಡು ಅವಳು ನಕ್ಕಿದ್ದಳು. "ಅಮ್ಮಾ, ಬೆಂಗಳೂರಿನಲ್ಲಿ ವಿಮಾನ ಹತ್ತಿದರೆ ನಾಲ್ಕೂವರೆ ಗಂಟೆ ಅಷ್ಟೆ. ನೀನು ಸಾಗರದಿಂದ ಬೆಂಗಳೂರಿಗೆ ಬರುವುದಕ್ಕೇ ರಾತ್ರಿಯಿಡೀ ಬೇಕು!" ಮಾತು ಸುಳ್ಳಲ್ಲ. ನಮ್ಮೂರಿಂದ ಬೆಂಗಳೂರಿಗೆ ಸುಮಾರು 360 ಕಿಲೋಮೀಟರ್, ಅಲ್ಲಿಂದ ಸಿಂಗಪುರಕ್ಕೆ 3,200ರ ಹತ್ತಿರ. ಆದರೂ ಬಸ್ಸಿಗಿಂತ ವಿಮಾನವೇ ಬೇಗ. ನಾನು ಆ ನಾಲ್ಕೂವರೆ ಗಂಟೆಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಂತೆ ಇಟ್ಟುಕೊಂಡೆ.

ಹೋದ ವರ್ಷ ನನಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಮಗಳು ಬರಲಿಲ್ಲ. ರಜೆ ಸಿಗಲಿಲ್ಲವಂತೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ ಮನಸ್ಸು ಒಂದೇ ಲೆಕ್ಕ ಹಾಕುತ್ತಿತ್ತು: ಬರೀ ನಾಲ್ಕೂವರೆ ಗಂಟೆ!

ಗುಣವಾದ ಮೇಲೆ ನಾನೇ ಹೋದೆ. ರಾತ್ರಿ ಹತ್ತಕ್ಕೆ ಹೊರಟವಳು ಇಳಿದಾಗ ಅಲ್ಲಿಯ ಗಡಿಯಾರದಲ್ಲಿ ಬೆಳಗಿನ ಐದು. ಅಲ್ಲಿಯ ಸಮಯ ನಮಗಿಂತ ಎರಡೂವರೆ ಗಂಟೆ ಮುಂದೆ. ಏಳರವರೆಗೂ ಬೆಳಕೇ ಹರಿಯಲಿಲ್ಲ. ಮಲೇಶಿಯದೊಂದಿಗೆ ಹೊಂದಿಸಿಕೊಳ್ಳಲು 1982ರ ಜನವರಿ 1ರಂದು ಅವರು ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಳ್ಳಿದರಂತೆ. ಸೂರ್ಯ ಇದ್ದಲ್ಲೇ ಇದ್ದ, ಮುಳ್ಳು ಮಾತ್ರ ಸರಿಯಿತು. ಹೊತ್ತೆಂಬುದರಲ್ಲೂ ಮನುಷ್ಯನ ತೀರ್ಮಾನ ಇಷ್ಟಿದೆ ಎಂದು ನನಗೆ ಅಚ್ಚರಿ.

ಇನ್ನೊಂದೂ ತಿಳಿಯಿತು. ನಾಲ್ಕೂವರೆ ಗಂಟೆ ಎಂಬುದು ಆಕಾಶದ ಲೆಕ್ಕ ಮಾತ್ರ. ಸಾಗರದ ರಾತ್ರಿ ಬಸ್ಸು, ದೇವನಹಳ್ಳಿಯ ದಾರಿ, ಮೂರು ಗಂಟೆ ಮೊದಲೇ ಹೋಗಿ ಕಾಯುವುದು, ತಪಾಸಣೆಯ ಸಾಲು, ಎಲ್ಲ ಸೇರಿದರೆ ಮನೆಯ ಹೊಸ್ತಿಲಿಂದ ಹೊಸ್ತಿಲಿಗೆ ಒಂದು ದಿನವೇ ಬೇಕು. ಅದರ ಮೇಲೆ ಟಿಕೆಟ್ಟಿನ ಹಣ, ಕೆಲಸದ ರಜೆ.

ಹಿಂತಿರುಗುವಾಗ ಅಲ್ಲಿ ರಾತ್ರಿ ಎಂಟಕ್ಕೆ ಹೊರಟು ಬೆಂಗಳೂರಿನಲ್ಲಿ ಹತ್ತಕ್ಕೆ ಇಳಿದೆ. ಹೋಗುವಾಗ ಕಳೆದ ಎರಡೂವರೆ ಗಂಟೆ ಬರುವಾಗ ಮರಳಿ ಸಿಕ್ಕಿತ್ತು. ಕೈಗಡಿಯಾರದ ಮುಳ್ಳು ಹಿಂದಕ್ಕೆ ತಿರುಗಿಸುತ್ತಿದ್ದಾಗ, ಯಾಕೋ, ನನ್ನಮ್ಮನ ನೆನಪಾಯಿತು.

ಅಮ್ಮ ಇದ್ದದ್ದು ಹೊಸನಗರದ ಬಳಿಯ ಹಳ್ಳಿಯಲ್ಲಿ. ಬಸ್ಸಿನಲ್ಲಿ ಒಂದೂವರೆ ಗಂಟೆ. ಬಚ್ಚಲಲ್ಲಿ ಜಾರಿಬಿದ್ದು ಅವಳು ಎರಡು ತಿಂಗಳು ಹಾಸಿಗೆ ಹಿಡಿದಿದ್ದಾಗ ನಾನು ಹೋದದ್ದು ಎರಡೇ ಸಲ. ಮಕ್ಕಳ ಪರೀಕ್ಷೆ, ಅತ್ತೆಯ ಪಥ್ಯ, ಶ್ರಾದ್ಧ. ಯಾವುದೂ ಸುಳ್ಳಲ್ಲ. "ಇಲ್ಲೇ ಇದೆಯಲ್ಲ, ಯಾವಾಗ ಬೇಕಾದರೂ ಹೋಗಬಹುದು" ಎಂದುಕೊಳ್ಳುತ್ತಲೇ ಹೋಗದೆ ಉಳಿದೆ. ದೂರ ಇದ್ದಿದ್ದರೆ ಬಹುಶಃ ಹಟ ಹಿಡಿದಾದರೂ ಹೊರಡುತ್ತಿದ್ದೆನೇನೋ. ಅಮ್ಮ ಒಂದು ದಿನವೂ ಗಂಟೆ ಎಣಿಸಿ ಹೇಳಲಿಲ್ಲ. ಆ ಹೊತ್ತನ್ನು ಯಾವ ಗಡಿಯಾರವೂ ನನಗೆ ಹಿಂದಕ್ಕೆ ಕೊಡುವುದಿಲ್ಲ.

ಹಾಗಾದರೆ ಮಗಳನ್ನು ದೂರುವ ಹಕ್ಕು ನನಗಿದೆಯೇ? ನಾನು ತಪ್ಪಿದೆನೆಂದು ಅವಳೂ ತಪ್ಪಬಹುದು ಎಂದಲ್ಲ. ಆದರೆ ದಾರಿ ಎಷ್ಟು ಉದ್ದ ಎಂದು ಹೇಳುವ ಅಂಕಿ, ಹೊರಡಲಾರದವರ ಕಾಲಿಗೆ ಏನು ತೊಡಕಿದೆ ಎಂದು ಹೇಳುವುದಿಲ್ಲ. ಅದನ್ನು ಕೇಳಿಯೇ ತಿಳಿಯಬೇಕು. ನಾನು ಕೇಳಿರಲಿಲ್ಲ, ಎಣಿಸಿದ್ದೆ.

ಮೊನ್ನೆ ಫೋನಿನಲ್ಲಿ ಮಗಳು, "ದೀಪಾವಳಿಗೆ ಬರಲು ನೋಡುತ್ತೇನೆ" ಎಂದಳು. "ಆಗಲಿ. ಕೆಲಸ ಬಹಳವೇನೇ?" ಎಂದೆ. ಅವಳು ಬಹಳ ಹೊತ್ತು ಮಾತಾಡಿದಳು. ನಾಲ್ಕೂವರೆ ಗಂಟೆಯ ವಿಷಯ ನಾನು ಎತ್ತಲಿಲ್ಲ.