ಆಟೋಪೈಲಟ್ ಕೈಬಿಟ್ಟಾಗ

ಬೀಚ್‌ಕ್ರಾಫ್ಟ್ 1900 ಅಂತ ಹತ್ತೊಂಬತ್ತು ಸೀಟಿನ ಒಂದು ಟರ್ಬೋಪ್ರಾಪ್ ವಿಮಾನ ಇದೆ. ಅಮೆರಿಕದ ಸಣ್ಣಪುಟ್ಟ ಊರುಗಳಿಗೆ ವರ್ಷಗಟ್ಟಲೆ ಓಡಾಡಿದ ಇಂಥ ಎಷ್ಟೋ ವಿಮಾನಗಳಲ್ಲಿ ಆಟೋಪೈಲಟ್ ಇರುತ್ತಲೇ ಇರಲಿಲ್ಲ. ಮೋಡವಿರಲಿ, ಮಳೆಯಿರಲಿ, ಪೈಲಟ್ ಕೈಯಾರೆ ಹಾರಿಸಬೇಕು. ಎಂಜಿನ್ ಪವರ್ ಏರಿಸಿದರೆ ಮೂತಿ ಪಕ್ಕಕ್ಕೆ ಎಳೆಯುತ್ತೆ, ಕಾಲಲ್ಲಿ ರಡರ್ ಒತ್ತಿ ನೇರ ಮಾಡಬೇಕು. ಈಗಿನ ಏರ್‌ಬಸ್ ಜೆಟ್‌ನಲ್ಲಿ ಪುಟ್ಟ ಕಡ್ಡಿಯೊಂದನ್ನು ವಾಲಿಸಿ ಬಿಟ್ಟರಾಯ್ತು, ಆ ಓರೆಯನ್ನು ಕಂಪ್ಯೂಟರ್ ಕಾಯುತ್ತೆ. ಅದೂ ಕೆಲವೇ ನಿಮಿಷ. ಮಿಕ್ಕಿದ್ದೆಲ್ಲ ಆಟೋಪೈಲಟ್ ಪಾಲು.

ನಮ್ಮೂರ ಕಡೆ ಸಂತೆಯಿಂದ ಬರುವಾಗ ಗಾಡಿ ಹೊಡೆಯೋನು ನಿದ್ದೆ ಮಾಡಿದ್ರೂ ಎತ್ತು ಮನೆ ಸೇರಿಸ್ತಿದ್ವು. ಆದರೆ ಹಳ್ಳ ಬಂದ ತಕ್ಷಣ ಎತ್ತು "ಇನ್ನು ನೀನೇ ಹೊಡಿ" ಅಂತ ನೊಗ ಕಳಚಿಕೊಂಡು ಹೋಗ್ತಿರಲಿಲ್ಲ. ಆಟೋಪೈಲಟ್ ಮಾಡೋದು ಅದನ್ನೇ.

2009ರ ಜೂನ್ 1ರಂದು ರಿಯೋದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447ರಲ್ಲಿ ಆದದ್ದೂ ಇದೇ. ವೇಗ ಅಳೆಯುವ ಕೊಳವೆಗಳಿಗೆ ಹಿಮ ಕಟ್ಟಿತು, ಆಟೋಪೈಲಟ್ ಬಿಟ್ಟುಕೊಟ್ಟಿತು. ಪೈಲಟ್ ಮೂತಿ ಮೇಲೆತ್ತಿದ, ವಿಮಾನ ಸ್ಟಾಲ್ ಆಯ್ತು. ನಾಲ್ಕೂವರೆ ನಿಮಿಷದೊಳಗೆ 228 ಜನ ಅಟ್ಲಾಂಟಿಕ್ ಪಾಲಾದರು. ಅಷ್ಟು ಎತ್ತರದಲ್ಲಿ ಕೈಯಾರೆ ಹಾರಿಸುವ ತರಬೇತಿ ಆ ಕೋಪೈಲಟ್‌ಗಳಿಗೆ ಸಿಕ್ಕಿರಲಿಲ್ಲ ಅಂತ ಫ್ರಾನ್ಸಿನ ತನಿಖಾ ವರದಿ ಹೇಳಿತು.

ಹಾಗಂತ ಹಳೇದೇ ಚೆಂದ ಅಂತ ನಾನು ಹಾಡಲ್ಲ. 2023ರ ಜನವರಿಯಲ್ಲಿ ಪೋಖರಾದಲ್ಲಿ ಬಿದ್ದು 72 ಜನ ಸತ್ತದ್ದು ಟರ್ಬೋಪ್ರಾಪ್‌ನಲ್ಲೇ. ಆಟೋಪೈಲಟ್ ಆಫ್ ಆಗಿತ್ತು. ಫ್ಲ್ಯಾಪ್ ಬದಲು ಪಕ್ಕದ ಲಿವರ್‌ಗಳನ್ನು ಎಳೆದಿದ್ದರಿಂದ ಎರಡೂ ಪ್ರೊಪೆಲ್ಲರ್ ಎಳೆತ ಕಳೆದುಕೊಂಡವು. ಕೈಯೂ ತಪ್ಪುತ್ತೆ ಸ್ವಾಮಿ.

ನನ್ನ ತಲೆ ಕೊರೆಯೋದು ಬೇರೆ. ಕೈ ಪಳಗಬೇಕು ಅಂದ್ರೆ ಎಲ್ಲಾದರೂ ಹಾರಿಸಲೇಬೇಕಲ್ಲ? 2013ರಲ್ಲಿ ಅಮೆರಿಕದ ಎಫ್‌ಎಎ, ಸಂದರ್ಭ ನೋಡಿಕೊಂಡು ಮಾಮೂಲಿ ಹಾರಾಟದಲ್ಲೇ ಕೈಯಾರೆ ಹಾರಿಸಲು ಬಿಡಿ ಅಂತ ಕಂಪನಿಗಳಿಗೆ ಸಲಹೆ ಕೊಟ್ಟಿತು. ಮಾಮೂಲಿ ಹಾರಾಟ ಅಂದ್ರೆ ಹಿಂದೆ ನಾವು ಕೂತಿರ್ತೀವಿ. ಎಂದೋ, ಯಾರನ್ನೋ ಉಳಿಸೋ ಕೈಗೆ ಇವತ್ತು ನನ್ನನ್ನು ಕೂರಿಸಿಕೊಂಡು ಅಭ್ಯಾಸ. ನನ್ನನ್ನು ಯಾರೂ ಕೇಳಿಲ್ಲ. ಸರ್ಜರಿ ಕಲಿಯೋ ಡಾಕ್ಟರ ಮುಂದೆ ಮಲಗಿದ ರೋಗಿಯದ್ದೂ ಇದೇ ಪಾಡು, ಅವನಿಂದ ಒಂದು ಸಹಿಯಾದರೂ ಹಾಕಿಸ್ಕೊಳ್ತಾರೆ.

ಆದರೂ ನಾನು ಒಪ್ಪುತ್ತೇನೆ. ನಾನು ಇವತ್ತು ಕ್ಷೇಮವಾಗಿ ಇಳಿಯೋದು ಹಿಂದೆ ಯಾರೋ ಹೀಗೆ ಕೂತಿದ್ದರಿಂದ. ಮೊದಲು ಕಂಪನಿ ಸಿಮ್ಯುಲೇಟರ್‌ಗೆ ದುಡ್ಡು ಬಿಚ್ಚಲಿ. ಅದರಾಚೆಗೆ, ತಿಳಿ ಆಕಾಶ, ಖಾಲಿ ರನ್‌ವೇ, ಪಕ್ಕದಲ್ಲಿ ಕಣ್ಣಿಟ್ಟು ನೋಡೋ ಇನ್ನೊಬ್ಬ ಪೈಲಟ್ ಇದ್ದರೆ, ಹಾರಿಸಲಿ. ನಡುರಾತ್ರಿ, ಮಳೆ, ಆ ದಿನದ ನಾಲ್ಕನೇ ಹಾರಾಟ ಅಂದ್ರೆ ಮಾತ್ರ ದಯವಿಟ್ಟು ಆಟೋಪೈಲಟ್ ಹಾಕಿಬಿಡಿ.